ಹದಿನೆಂಟು ಸಿನಿಮಾ ನೋಡಬೇಕಾಗಿಲ್ಲ ಅಕ್ಕ

ಅಕ್ಕ, ನಿನ್ನೆ ರಾತ್ರಿ ನೀವು ಹಾಕಿದ ಪ್ರಶ್ನೆ ಈಗಷ್ಟೇ ನೋಡಿದೆ. ತಂಗಿಯ ಮಕ್ಕಳು ಬೆಂಗಳೂರಿನಿಂದ ರಜೆಗೆ ಪೆರ್ಲಕ್ಕೆ ಬರುತ್ತಾರೆ, ಎಲ್ಲರೂ ಒಟ್ಟಿಗೆ ಕುಳಿತು 'ಅವೆಂಜರ್ಸ್: ಇನ್ಫಿನಿಟಿ ವಾರ್' ನೋಡಬೇಕೆಂದು ಹಟ ಹಿಡಿದಿದ್ದಾರೆ. ಅದಕ್ಕಿಂತ ಮೊದಲು ಬಂದ ಅದೇ ಮಾರ್ವೆಲ್ ಸರಣಿಯ ಹದಿನೆಂಟು ಸಿನಿಮಾ ನೋಡದಿದ್ದರೆ ಅರ್ಥವಾಗುತ್ತದಾ, ಸಣ್ಣವಳು ಹೆದರುತ್ತಾಳಾ, ಇಂಗ್ಲಿಷ್ ಬಾರದ ಅಮ್ಮನಿಗೆ ಏನು ಹೇಳುವುದು ಎಂದು ಕೇಳಿದ್ದೀರಿ. ಕತೆ ಗೊತ್ತಾದರೂ ತೊಂದರೆಯಿಲ್ಲ ಎಂದಿದ್ದೀರಿ, ಹಾಗಾಗಿ ಬಿಡಿಸಿಯೇ ಬರೆಯುತ್ತೇನೆ. ಕೊನೆ ಗೊತ್ತಾಗುವುದು ಬೇಡ ಎನ್ನುವವರು ಇಲ್ಲಿಗೇ ನಿಲ್ಲಿಸಿ.

ನಾನು ಈ ಸಿನಿಮಾಗಳನ್ನು ಹುಡುಕಿ ಹುಡುಕಿ ನೋಡುವವನಲ್ಲ. 2018ರ ಏಪ್ರಿಲ್ ಕೊನೆಗೆ ಇದು ಬಂದಾಗ ಅಣ್ಣನ ಮಗನನ್ನು ಮಂಗಳೂರಿಗೆ ಕರೆದುಕೊಂಡು ಹೋಗಿದ್ದೆ. ಅಷ್ಟರವರೆಗೆ ಇದರಲ್ಲಿ ಎರಡೇ ಸಿನಿಮಾ ನೋಡಿದ್ದೆ. ಆದರೂ ದಾರಿ ತಪ್ಪಲಿಲ್ಲ. ನಮ್ಮ ಯಕ್ಷಗಾನದ ಕೂಡಾಟದ ಹಾಗೆ ಇದು. ಎರಡು ಮೇಳದವರು ಒಂದೇ ರಂಗಸ್ಥಳದಲ್ಲಿ ಆಡುವಾಗ ಪ್ರತಿಯೊಬ್ಬ ವೇಷಧಾರಿಯ ಹಿಂದಿನ ಆಟಗಳನ್ನೆಲ್ಲ ನೋಡಿದವರೇ ಬಂದು ಕೂರುವುದಾ? ಪ್ರಸಂಗ ಗೊತ್ತಿದ್ದರೆ ಸಾಕು. ವೇಷಧಾರಿಗಳ ಪರಿಚಯ ಇದ್ದವರಿಗೆ ಒಂದೊಂದು ಪ್ರವೇಶಕ್ಕೂ ಖುಷಿ ಜಾಸ್ತಿ, ಅಷ್ಟೇ ವ್ಯತ್ಯಾಸ.

ಪ್ರಸಂಗ ಹೀಗಿದೆ. ಥಾನೋಸ್ ಎಂಬ ಒಬ್ಬನಿದ್ದಾನೆ. ಲೋಕದಲ್ಲಿ ಆರು ಕಲ್ಲುಗಳಿವೆ: ಶಕ್ತಿ, ಜಾಗ, ಕಾಲ, ಮನಸ್ಸು, ಆತ್ಮ, ವಾಸ್ತವ ಎಂದು ಒಂದೊಂದು ಕಲ್ಲಿನ ಹಿಡಿತದಲ್ಲಿ ಒಂದೊಂದು. ಆರೂ ಸಿಕ್ಕಿದರೆ ಚಿಟಿಕೆ ಹೊಡೆಯುವಷ್ಟರಲ್ಲಿ ಲೋಕದ ಅರ್ಧ ಜೀವಗಳನ್ನು ಇಲ್ಲವಾಗಿಸಬಹುದು. ಅವನಿಗೆ ಬೇಕಾದ್ದು ಅದೇ. ಉಳಿದವರೆಲ್ಲ ಅವನನ್ನು ತಡೆಯಲು ಓಡಾಡುವವರು. ಐರನ್ ಮ್ಯಾನ್, ಥಾರ್, ಕ್ಯಾಪ್ಟನ್ ಅಮೆರಿಕ ಎಂದು ಇಪ್ಪತ್ತಕ್ಕಿಂತ ಹೆಚ್ಚು ಹೆಸರು ಬಾಯಿಪಾಠ ಮಾಡಲು ಹೋಗಬೇಡಿ. ಕಲ್ಲು ಈಗ ಯಾರ ಹತ್ತಿರ ಇದೆ ಎಂಬುದನ್ನು ಮಾತ್ರ ಹಿಡಿದುಕೊಂಡು ಹೋಗಿ.

ಇನ್ನೊಂದು ಮಾತು. ನಮ್ಮ ಕಡೆಯ ತೆಂಕುತಿಟ್ಟಿನ ಯಕ್ಷಗಾನದಲ್ಲಿ ಬಣ್ಣದ ವೇಷಕ್ಕೆ, ಅಂದರೆ ರಾಕ್ಷಸನ ಪಾತ್ರಕ್ಕೆ, ನಡುರಾತ್ರಿ ಕಳೆಯುವವರೆಗೆ ಕಾಯಬೇಕು. ಆಮೇಲೆ ದೊಂದಿ ಹಿಡಿದು, ರಾಳದ ಬೆಂಕಿ ಎಬ್ಬಿಸಿ, ಆರ್ಭಟೆ ಕೊಟ್ಟು ಬರುತ್ತದೆ. ಇಲ್ಲಿ ಮೊದಲ ದೃಶ್ಯಕ್ಕೇ ಬಣ್ಣದ ವೇಷ ರಂಗಸ್ಥಳದಲ್ಲಿದೆ. ಹತ್ತು ನಿಮಿಷದೊಳಗೆ ಹಸಿರು ದೈತ್ಯ ಹಲ್ಕ್‌ನನ್ನು ಹೊಡೆದು ಮಲಗಿಸಿ ಥಾರ್‌ನ ತಮ್ಮ ಲೋಕಿಯನ್ನು ಕೊಂದಾಗಿರುತ್ತದೆ. ಇದು ಥಾನೋಸನದೇ ಸಿನಿಮಾ, ಹೀರೋಗಳದ್ದಲ್ಲ. ಇಷ್ಟು ತಿಳಿದುಕೊಂಡು ಕೂತರೆ ಅರ್ಧ ಗೊಂದಲ ತೀರಿತು.

ಸಮಯ ಇದ್ದರೆ ಮೊದಲೇ ಎರಡು ನೋಡಿಕೊಳ್ಳಿ. 2014ರ 'ಗಾರ್ಡಿಯನ್ಸ್ ಆಫ್ ದ ಗ್ಯಾಲಕ್ಸಿ' ಮತ್ತು 2017ರ 'ಥಾರ್: ರಾಗ್ನರಾಕ್'. ಮೊದಲನೆಯದರಲ್ಲಿ ಥಾನೋಸನ ಸಾಕುಮಗಳು ಗಮೋರಾ ಇದ್ದಾಳೆ. ಅವಳ ಪರಿಚಯ ಇಲ್ಲದಿದ್ದರೆ ನಡುವಿನ ದೊಡ್ಡ ದೃಶ್ಯ ಸಪ್ಪೆಯಾಗುತ್ತದೆ. ಎರಡನೆಯದು ಮುಗಿಯುವ ಕಡೆಯಲ್ಲೇ ಇನ್ಫಿನಿಟಿ ವಾರ್ ಶುರುವಾಗುತ್ತದೆ. ಮೂರನೆಯದು ಬೇಕೆಂದರೆ 2016ರ 'ಸಿವಿಲ್ ವಾರ್'. ಐರನ್ ಮ್ಯಾನ್‌ಗೂ ಕ್ಯಾಪ್ಟನ್‌ಗೂ ಯಾಕೆ ಮಾತಿಲ್ಲ ಎಂದು ಅದರಲ್ಲಿದೆ. ಉಳಿದದ್ದನ್ನು ಮಕ್ಕಳೇ ಹೇಳುತ್ತಾರೆ, ಅವರಿಗೂ ಹೇಳುವುದಕ್ಕೆ ಏನಾದರೂ ಇರಲಿ ಅಲ್ವಾ.

ಭಾಷೆಯ ವಿಷಯ. ಥಿಯೇಟರಿಗೆ ಬಂದಾಗ ಇಂಗ್ಲಿಷ್ ಬಿಟ್ಟರೆ ಹಿಂದಿ, ತಮಿಳು, ತೆಲುಗಿನಲ್ಲಿ ಇತ್ತು, ಕನ್ನಡದಲ್ಲಿ ಬರಲಿಲ್ಲ. ಆ ಬೇಜಾರು ನನಗೆ ಈಗಲೂ ಇದೆ. ಎರಡನೇ ಸಲ ಮನೆಯಲ್ಲಿ ನೋಡುವಾಗ ನನ್ನ ಅಮ್ಮನೂ ಕುಳಿತಿದ್ದರು. ಶುರುವಾಗುವ ಮೊದಲು ಐದು ನಿಮಿಷ ಕನ್ನಡದಲ್ಲಿ ಕತೆ ಹೇಳಿದೆ. ಅಮ್ಮ ಕೇಳಿದ ಮೊದಲ ಪ್ರಶ್ನೆ: "ಅವನಿಗೆ ವರ ಕೊಟ್ಟದ್ದು ಯಾರು?"

ಯಾರೂ ಕೊಟ್ಟದ್ದಲ್ಲ, ಅವನೇ ಕಿತ್ತುಕೊಂಡದ್ದು ಎಂದೆ. "ಹಾಗಾದರೆ ಅವನು ಸಾಯುವ ದಾರಿ ಎಲ್ಲಿಂದ?" ಎಂದರು. ನೋಡಿ, ನಮ್ಮ ಹಿರಣ್ಯಕಶಿಪುವಿಗೆ, ಭಸ್ಮಾಸುರನಿಗೆ ವರದೊಳಗೇ ಸಾವಿನ ದಾರಿ ಇರುತ್ತದೆ. ಇವನಿಗೆ ಅದಿಲ್ಲ. ಆ ಪ್ರಶ್ನೆ ಹಿಡಿದುಕೊಂಡೇ ಅಮ್ಮ ಎರಡೂವರೆ ಗಂಟೆ ಕುಳಿತರು. ನಿಮ್ಮ ಅಮ್ಮನಿಗೂ ಇಷ್ಟೇ ಹೇಳಿ, ಸಾಕು.

ಥಾನೋಸನ ವಾದ ಮಕ್ಕಳಿಗೆ ಸರಿ ಎಂದು ಕಾಣಬಹುದು. ಜನ ಜಾಸ್ತಿ, ಅನ್ನ ಕಡಿಮೆ, ಅರ್ಧ ಹೋದರೆ ಉಳಿದವರು ಸುಖವಾಗಿರುತ್ತಾರೆ ಎನ್ನುತ್ತಾನೆ. ಅಣ್ಣನ ಮಗ ಬರುವ ದಾರಿಯಿಡೀ ಅದನ್ನೇ ಹೇಳಿದ. ನಾನು ಅವನಿಗೆ ಲೆಕ್ಕ ತೋರಿಸಿದೆ. 1970ರಲ್ಲಿ ಭೂಮಿಯ ಮೇಲೆ ಸುಮಾರು 370 ಕೋಟಿ ಜನ ಇದ್ದರು. 2018ಕ್ಕೆ 760 ಕೋಟಿ. ಅಂದರೆ ಅರ್ಧ ಮಾಡಿದರೂ ಐವತ್ತು ವರ್ಷದೊಳಗೆ ಮತ್ತೆ ಅಲ್ಲಿಗೇ. ಅದೂ ಅಲ್ಲದೆ ಅವನು ಅಳಿಸುವುದು ಲಾಟರಿ ಎತ್ತಿದ ಹಾಗೆ, ಯಾರೆಂದು ನೋಡುವುದಿಲ್ಲ. ಒತ್ತಾಗಿ ನೆಟ್ಟ ಅಡಿಕೆ ತೋಟದಲ್ಲಿ ಮರ ತೆಗೆಯುವಾಗ ನಾವು ಕಣ್ಣು ಮುಚ್ಚಿಕೊಂಡು ಅರ್ಧ ಕಡಿಯುತ್ತೇವಾ? ಒಂಬತ್ತು ಅಡಿ ಅಂತರ ನೋಡಿ, ಸೊರಗಿದ ಮರ ನೋಡಿ, ಎರಡು ಸಲ ಯೋಚಿಸಿ ಕೊಡಲಿ ಹಾಕುತ್ತೇವೆ. ಮಕ್ಕಳು ವಾದಕ್ಕೆ ಬಂದರೆ ನೀವೂ ಇದನ್ನೇ ಹೇಳಬಹುದು.

ಕೊಡಲಿ ಎಂದಾಗ ನೆನಪಾಯಿತು. ಗ್ರೂಟ್ ಎಂಬ ಮರದ ಹುಡುಗ ಇದರಲ್ಲಿದ್ದಾನೆ. ಯಾರು ಏನು ಹೇಳಿದರೂ ಕೈಯಲ್ಲಿರುವ ಗೇಮ್‌ನಿಂದ ತಲೆ ಎತ್ತುವುದಿಲ್ಲ. ಥಾರ್‌ಗೆ ಹೊಸ ಕೊಡಲಿ ಎರಕ ಹೊಯ್ದಾಗಿದೆ, ಹಿಡಿಯಲು ಮರದ ಕಾವು ಇಲ್ಲ. ಥಾರ್ ಸಾಯುವ ಸ್ಥಿತಿಯಲ್ಲಿ ಬಿದ್ದಿದ್ದಾನೆ. ಆಗ ಆ ಹುಡುಗ ಗೇಮ್ ಕೆಳಗಿಟ್ಟು, ಕೆಂಪಗೆ ಕಾದ ಲೋಹಕ್ಕೆ ತನ್ನ ಕೈ ಸುತ್ತಿ, ಆ ಕೈಯನ್ನೇ ಕಡಿದು ಕಾವು ಮಾಡಿಕೊಡುತ್ತಾನೆ. ಕೊಡಲಿ ಕಾವು ಕುಲಕ್ಕೆ ಮೃತ್ಯು ಎಂದು ಕೇಳುತ್ತಾ ಬೆಳೆದವರು ನಾವು. ಇಲ್ಲಿ ಆ ಕಾವು ಜೀವ ಉಳಿಸುತ್ತದೆ. ನನಗೆ ಇಡೀ ಸಿನಿಮಾದಲ್ಲಿ ತುಂಬಾ ಇಷ್ಟವಾದದ್ದು ಅದು. ಕೊನೆಯ ಹೊತ್ತಿನ ವಕಾಂಡಾ ಎಂಬ ದೇಶದ ಯುದ್ಧ ಮಾತ್ರ ಉದ್ದವಾಯಿತು, ಯಾರು ಯಾರಿಗೆ ಹೊಡೆಯುತ್ತಾರೆ ಎಂದೇ ತಿಳಿಯುವುದಿಲ್ಲ.

ಈಗ ಸಣ್ಣವಳ ವಿಷಯ. ಅಮೆರಿಕದಲ್ಲಿ ಇದಕ್ಕೆ ಪಿಜಿ-13 ಕೊಟ್ಟಿದ್ದಾರೆ, ಅಂದರೆ ಹದಿಮೂರಕ್ಕಿಂತ ಸಣ್ಣವರ ವಿಷಯದಲ್ಲಿ ಹೆತ್ತವರಿಗೆ ಎಚ್ಚರಿಕೆ. ರಕ್ತ ಜಾಸ್ತಿ ಇಲ್ಲ. ಆದರೆ ಎರಡು ಕಡೆ ಪಕ್ಕದಲ್ಲಿ ನೀವು ಇರಲೇಬೇಕು. ಒಂದು, ಆತ್ಮದ ಕಲ್ಲಿಗಾಗಿ ಥಾನೋಸ್ ಗಮೋರಾಳನ್ನು ಬಂಡೆಯ ಮೇಲಿಂದ ಕೆಳಗೆ ಎಸೆಯುವಾಗ. ಅವನು ಅಳುತ್ತಲೇ ಎಸೆಯುತ್ತಾನೆ. ನನ್ನ ಅಮ್ಮ "ಮಗಳನ್ನಾ?" ಎಂದದ್ದು ಬಿಟ್ಟರೆ ಆಮೇಲೆ ಬಹಳ ಹೊತ್ತು ಮಾತಾಡಲಿಲ್ಲ. ಇನ್ನೊಂದು ಕೊನೆ. ಅವನು ಗೆಲ್ಲುತ್ತಾನೆ. ಚಿಟಿಕೆ ಹೊಡೆಯುತ್ತಾನೆ. ಒಬ್ಬೊಬ್ಬರೇ ಬೂದಿಯಾಗಿ ಗಾಳಿಗೆ ಹೋಗುತ್ತಾರೆ. ಸ್ಪೈಡರ್ ಮ್ಯಾನ್ ಹುಡುಗ ಐರನ್ ಮ್ಯಾನ್‌ನನ್ನು ತಬ್ಬಿಕೊಂಡೇ ಉದುರಿಹೋಗುತ್ತಾನೆ. ಮಂಗಳೂರಿನ ಥಿಯೇಟರಿನಲ್ಲಿ ಅಷ್ಟು ಹೊತ್ತು ಕೂಗುತ್ತಿದ್ದ ಹುಡುಗರೆಲ್ಲ ಒಮ್ಮೆಲೇ ಸುಮ್ಮನಾದರು. ಅಣ್ಣನ ಮಗ ನನ್ನ ಅಂಗಿಯ ತೋಳು ಹಿಡಿದುಕೊಂಡಿದ್ದ, ದೀಪ ಹತ್ತಿದ ಮೇಲೂ ಬಿಡಲಿಲ್ಲ.

ಹಾಗಾಗಿ ರಾತ್ರಿ ಊಟವಾದ ಮೇಲೆ ಹಾಕಬೇಡಿ. ಇದು ಎರಡು ಗಂಟೆ 29 ನಿಮಿಷ. ಮಧ್ಯಾಹ್ನ ಎರಡಕ್ಕೆ ಶುರು ಮಾಡಿದರೆ ಸಂಜೆಯ ಗುಡುಗು ಮಳೆಗೆ ಕರೆಂಟ್ ಹೋಗುವುದರೊಳಗೆ ಮುಗಿಯುತ್ತದೆ. ಥಾರ್ ಕೊಡಲಿ ಮಾಡಿಸುವ ಆ ಕುಲುಮೆಯ ಲೋಕಕ್ಕೆ ಮುಟ್ಟುವಾಗ ಚಾಕ್ಕೆ ನಿಲ್ಲಿಸಿ, ಹೆಚ್ಚು ಕಡಿಮೆ ಅರ್ಧ ಆಗಿರುತ್ತದೆ. ಮುಂದಿನ ಭಾಗ 'ಎಂಡ್‌ಗೇಮ್', 2019ರದ್ದು, ಮೂರು ಗಂಟೆ ಒಂದು ನಿಮಿಷ. ಅದನ್ನು ಮರುದಿನಕ್ಕೇ ಇಟ್ಟುಕೊಳ್ಳಿ, ವಾರ ಬಿಡಬೇಡಿ. ಸಣ್ಣವಳಿಗೆ "ನಾಳೆ ಉಳಿದದ್ದು ಇದೆ" ಎಂದು ಅದೇ ದಿನ ಹೇಳಿ ಮಲಗಿಸಿ.

ನನ್ನ ಅಮ್ಮನಿಗೂ ಹಾಗೆಯೇ ಹೇಳಿದ್ದೆ. ಮರುದಿನ ಬೆಳಗ್ಗೆ ನಾನು ತೋಟಕ್ಕೆ ಸ್ಪ್ರಿಂಕ್ಲರ್ ಬಿಟ್ಟು ಬರುವಾಗ ಜಗಲಿಯಲ್ಲೇ ಕುಳಿತಿದ್ದರು. "ಅವನು ಸಾಯುವ ಭಾಗ ಯಾವಾಗ ಹಾಕುತ್ತಿ?" ಎಂದು ಕೇಳಿದರು.