ಹಳೆ ಕಂಪ್ಯೂಟರ್ ಕೊಡುವ ಮುನ್ನ ಫಾರ್ಮ್ಯಾಟ್ ಮಾಡಿದರೆ ಸಾಕಾ?

ಪ್ರಶ್ನೆ: ಮನೆಯಲ್ಲಿ ಎರಡು ಹಳೆ ಕಂಪ್ಯೂಟರ್‌ಗಳಿವೆ. ಡೆಸ್ಕ್‌ಟಾಪ್ ನಿಧಾನ, ಆದರೂ ನಡೆಯುತ್ತದೆ. ಅದಕ್ಕೆ ವಿಂಡೋಸ್ 11 ಹಾಕಲು ಆಗುತ್ತಿಲ್ಲ. ಲ್ಯಾಪ್‌ಟಾಪ್ ಆನ್ ಆಗುವುದೇ ಇಲ್ಲ, ಟಚ್‌ಪ್ಯಾಡ್ ಯಾಕೋ ಮೇಲೆದ್ದಿದೆ. ಯಾರಿಗಾದರೂ ಕೊಟ್ಟುಬಿಡೋಣ ಅಂದರೆ ಬ್ಯಾಂಕಿನ ಕಾಗದಪತ್ರ, ಫೋಟೋ ಎಲ್ಲ ಅದರಲ್ಲೇ ಇವೆ. ಫಾರ್ಮ್ಯಾಟ್ ಮಾಡಿದರೆ ಸಾಕಾ?

ಉತ್ತರ: ಮೊದಲು ಲ್ಯಾಪ್‌ಟಾಪ್ ಕಡೆ ನೋಡಿ, ಅದು ತುರ್ತಿನ ವಿಷಯ. ಟಚ್‌ಪ್ಯಾಡ್ ಮೇಲೆದ್ದಿದೆ ಅಂದರೆ ಬಹುಶಃ ಕೆಳಗಿರುವ ಲಿಥಿಯಂ ಬ್ಯಾಟರಿ ಉಬ್ಬಿದೆ. ಒಳಗೆ ಗ್ಯಾಸ್ ತುಂಬಿಕೊಂಡು ಹೀಗಾಗುತ್ತದೆ. ಇನ್ನೊಂದು ಸಲ ಆನ್ ಆಗುತ್ತಾ ನೋಡೋಣ ಎಂದು ಚಾರ್ಜಿಗೆ ಹಾಕಬೇಡಿ. ಮೇಲೆದ್ದದ್ದನ್ನು ಒತ್ತಿ ಕೂರಿಸಲೂ ಹೋಗಬೇಡಿ. ಬ್ಯಾಟರಿ ತೂತಾದರೆ ಬೆಂಕಿ ಹತ್ತಬಹುದು. ಬಟ್ಟೆ, ಕಾಗದಗಳಿಂದ ದೂರ, ಬರಿ ನೆಲದ ಮೇಲಿಟ್ಟು ಆದಷ್ಟು ಬೇಗ ರಿಪೇರಿ ಗೊತ್ತಿರುವವರಿಂದ ಬ್ಯಾಟರಿ ತೆಗೆಸಿ. ಮನೆ ಕಸದ ಜೊತೆ ಮಾತ್ರ ಹಾಕಲೇಬೇಡಿ. ಕಸದ ಲಾರಿಯೊಳಗೆ ಎಲ್ಲವನ್ನೂ ಅದುಮುತ್ತಾರೆ, ಅಲ್ಲಿ ಬೆಂಕಿ ಹತ್ತಿದ ಉದಾಹರಣೆಗಳು ಬೇಕಾದಷ್ಟಿವೆ.

ಬ್ಯಾಟರಿ ತೆಗೆಸುವಾಗಲೇ ಡಿಸ್ಕನ್ನೂ ತೆಗೆಸಿಬಿಡಿ. ಲ್ಯಾಪ್‌ಟಾಪ್ ಕೆಟ್ಟಿದೆ ಅಂದ ಮಾತ್ರಕ್ಕೆ ಡಿಸ್ಕ್ ಕೆಟ್ಟಿರಬೇಕಿಲ್ಲ. ಯುಎಸ್‌ಬಿ ಕೇಸಿಗೆ ಹಾಕಿ ಬೇರೆ ಕಂಪ್ಯೂಟರಿಗೆ ಜೋಡಿಸಿದರೆ ಫೋಟೋಗಳೆಲ್ಲ ಸಿಗುವ ಸಾಧ್ಯತೆ ಜಾಸ್ತಿ. ಅವನ್ನು ಬೇರೆಡೆಗೆ ಕಾಪಿ ಮಾಡಿಕೊಂಡು, ನಾಲ್ಕಾರು ಫೈಲ್ ತೆರೆದು ನೋಡಿ. ಅಳಿಸುವ ಮಾತು ಆಮೇಲೆ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಬರೀ ಫಾರ್ಮ್ಯಾಟ್ ಸಾಲದು. ಕ್ವಿಕ್ ಫಾರ್ಮ್ಯಾಟ್ ಅಳಿಸುವುದು ಯಾವ ಫೈಲ್ ಎಲ್ಲಿದೆ ಎಂಬ ಪಟ್ಟಿಯನ್ನಷ್ಟೇ. ಹಾರ್ಡ್ ಡಿಸ್ಕಿನಲ್ಲಾದರೆ ಫೈಲುಗಳು ಹಾಗೇ ಉಳಿದಿರುತ್ತವೆ. ಪುಕ್ಕಟೆ ಸಿಗುವ ರಿಕವರಿ ಸಾಫ್ಟ್‌ವೇರ್ ಇದ್ದರೆ ಯಾರು ಬೇಕಾದರೂ ಹೊರತೆಗೆಯಬಹುದು.

ಏನು ಮಾಡಬೇಕು ಅನ್ನುವುದು ಡಿಸ್ಕ್ ಯಾವುದು ಎಂಬುದರ ಮೇಲಿದೆ. ತಿರುಗುವ ಹಳೆ ಹಾರ್ಡ್ ಡಿಸ್ಕ್ ಆದರೆ ಪೂರ್ತಿ ಡಿಸ್ಕಿನ ಮೇಲೆ ಒಂದು ಸಲ ಸೊನ್ನೆ ಬರೆದರೆ ಸಾಕು. ಏಳು ಸಲ ಬರೆಯಬೇಕು ಎಂಬುದು ಹಳೇ ಕಾಲದ ಡಿಸ್ಕುಗಳಿಂದ ಬಂದ ನಂಬಿಕೆ. ಬೇರೆ ಕಂಪ್ಯೂಟರಿಗೆ ಜೋಡಿಸಿದ ಡಿಸ್ಕನ್ನು ವಿಂಡೋಸ್‌ನಲ್ಲಿ ಫಾರ್ಮ್ಯಾಟ್ ಮಾಡುವಾಗ ‘ಕ್ವಿಕ್ ಫಾರ್ಮ್ಯಾಟ್’ ಮುಂದಿನ ಟಿಕ್ ತೆಗೆದರೆ ಈ ಕೆಲಸ ಆಗುತ್ತದೆ. ಡಿಸ್ಕಿನಲ್ಲಿ ಒಂದಕ್ಕಿಂತ ಹೆಚ್ಚು ಭಾಗಗಳಿದ್ದರೆ ಎಲ್ಲಕ್ಕೂ ಹೀಗೇ ಮಾಡಿ. ಗಂಟೆಗಟ್ಟಲೆ ಹಿಡಿಯಬಹುದು, ನಡುವೆ ನಿಲ್ಲಿಸಬೇಡಿ. ಡೆಸ್ಕ್‌ಟಾಪಿಗೆ ‘ರೀಸೆಟ್ ದಿಸ್ ಪಿಸಿ’ಯಲ್ಲಿ ‘ರಿಮೂವ್ ಎವೆರಿಥಿಂಗ್’ ಆರಿಸಿ, ಡ್ರೈವ್ ಕ್ಲೀನ್ ಮಾಡುವ ಆಯ್ಕೆಯನ್ನೂ ಆನ್ ಮಾಡಿ. ಇದನ್ನು ಬಹಳ ಜನ ಮರೆಯುತ್ತಾರೆ.

ಎಸ್‌ಎಸ್‌ಡಿ, ಅಂದರೆ ತಿರುಗುವ ಭಾಗವಿಲ್ಲದೆ ಚಿಪ್‌ಗಳಲ್ಲೇ ಡೇಟಾ ಇಡುವ ಡಿಸ್ಕ್, ಆದರೆ ಲೆಕ್ಕವೇ ಬೇರೆ. ಹೊಸದಾಗಿ ಬರೆದದ್ದು ಹಳೆಯದರ ಮೇಲೇ ಬೀಳುತ್ತದೆ ಎಂಬ ಖಾತ್ರಿ ಇಲ್ಲಿಲ್ಲ. ಎಲ್ಲಿ ಬರೆಯಬೇಕು ಅಂತ ಎಸ್‌ಎಸ್‌ಡಿ ತಾನೇ ತೀರ್ಮಾನಿಸುತ್ತದೆ, ಅಲ್ವಾ? ಅದಕ್ಕೆ ತಯಾರಕರೇ ಕೊಡುವ ಟೂಲ್‌ನಲ್ಲಿ ‘ಸೆಕ್ಯೂರ್ ಇರೇಸ್’ ಬಳಸಿ.

ಡೆಸ್ಕ್‌ಟಾಪ್ ದಾನಕ್ಕೆ ಯೋಗ್ಯವಾ ಅಂದರೆ, ಹೌದು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಆದರೆ ಅದರಿಂದ ಯಂತ್ರವೇ ಮುಗಿದ ಹಾಗಲ್ಲ. 4 ಜಿಬಿ ರ್‍ಯಾಮ್ ಇದ್ದರೂ ವಿಂಡೋಸ್ ಬದಲು ಹಾಕಬಹುದಾದ, ಪುಕ್ಕಟೆ ಸಿಗುವ ಲಿನಕ್ಸ್ ಮಿಂಟ್ ಎಂಬ ಆಪರೇಟಿಂಗ್ ಸಿಸ್ಟಂ ನಡೆಯುತ್ತದೆ. ಹಾರ್ಡ್ ಡಿಸ್ಕ್ ತೆಗೆದು ಚಿಕ್ಕದೊಂದು ಎಸ್‌ಎಸ್‌ಡಿ ಹಾಕಿದರಂತೂ ಎಷ್ಟೋ ಚುರುಕಾಗುತ್ತದೆ. ಕೊಡುವ ಮೊದಲು ನೀವೇ ಒಂದು ಗಂಟೆ ಅದರಲ್ಲಿ ಕೆಲಸ ಮಾಡಿ: ಒಂದು ಪತ್ರ ಟೈಪ್ ಮಾಡಿ, ಒಂದು ವಿಡಿಯೋ ನೋಡಿ. ನಿಮಗೇ ತಾಳ್ಮೆ ಕೆಟ್ಟರೆ ಅದನ್ನು ಇನ್ನೊಬ್ಬರ ಕೈಗಿಡುವುದು ಸರಿಯಲ್ಲ. ತೆಗೆದುಕೊಳ್ಳುವವರಿಗೆ ಏನು ಕೆಲಸಕ್ಕೆ ಬೇಕು ಅಂತ ಮೊದಲೇ ಕೇಳಿ. ಕೀಬೋರ್ಡ್, ಮೌಸ್, ಪವರ್ ಕೇಬಲ್ ಜೊತೆಗೇ ಕೊಡಿ. ವಿಂಡೋಸ್ ಶುರುವಾಗುವ ಮೊದಲೇ ಕೇಳುವ ಬಯೋಸ್ ಪಾಸ್‌ವರ್ಡ್ ಇದ್ದರೆ ತೆಗೆಯಿರಿ. ಮ್ಯಾಕ್ ಕೊಡುವವರು ಐಕ್ಲೌಡ್‌ನಿಂದ ಸೈನ್ ಔಟ್ ಆಗದಿದ್ದರೆ ಪಡೆದವರಿಗೆ ಅದು ತೆರೆಯದೇ ಹೋಗಬಹುದು.

ಕೊಡುವುದಿದ್ದರೆ ಈಗಲೇ ಕೊಡಿ. ಸುಮ್ನೆ ಮೂಲೆಯಲ್ಲಿಟ್ಟ ಒಂದೊಂದು ವರ್ಷವೂ ಅದನ್ನು ಬಳಸಬಲ್ಲವರು ಕಡಿಮೆಯಾಗುತ್ತಾರೆ.

ಲ್ಯಾಪ್‌ಟಾಪ್ ಮಾತ್ರ ರೀಸೈಕ್ಲಿಂಗ್‌ಗೇ ಹೋಗಲಿ, ಅದೂ ಪರವಾನಗಿ ಇರುವವರ ಬಳಿಗೆ. ಸಿಕ್ಕವರಿಗೆ ಗುಜರಿಗೆ ಹಾಕಿದರೆ ತಾಮ್ರಕ್ಕಾಗಿ ವೈರ್ ಸುಡುತ್ತಾರೆ, ಚಿನ್ನಕ್ಕಾಗಿ ಬೋರ್ಡನ್ನು ಆ್ಯಸಿಡ್‌ನಲ್ಲಿ ಅದ್ದುತ್ತಾರೆ. ಆ ಹೊಗೆ ಕುಡಿಯುವವರು ಅಲ್ಲಿ ಕೆಲಸ ಮಾಡುವ ಬಡವರು. ವಿಶ್ವಸಂಸ್ಥೆಯ ವರದಿ ಪ್ರಕಾರ 2022ರಲ್ಲಿ ಜಗತ್ತಿನಲ್ಲಿ 6.2 ಕೋಟಿ ಟನ್ ಇ-ತ್ಯಾಜ್ಯ ಹುಟ್ಟಿತು. ಸರಿಯಾದ ದಾರಿಯಲ್ಲಿ ಸಂಗ್ರಹವಾಗಿ ರೀಸೈಕಲ್ ಆಗಿದ್ದಕ್ಕೆ ಲೆಕ್ಕ ಸಿಕ್ಕಿದ್ದು ಶೇ 22.3 ಮಾತ್ರ. ಕೆಲವು ತಯಾರಕ ಕಂಪನಿಗಳು ಹಳೆಯದನ್ನು ತಾವೇ ವಾಪಸ್ ತೆಗೆದುಕೊಳ್ಳುತ್ತವೆ, ಮೊದಲು ಅಲ್ಲಿ ಕೇಳಿ.

ಹೊಸ ತೆಳು ಲ್ಯಾಪ್‌ಟಾಪ್ ಕೆಲವುಗಳಲ್ಲಿ ಎಸ್‌ಎಸ್‌ಡಿಯನ್ನು ಬೋರ್ಡಿಗೇ ಬೆಸೆದಿರುತ್ತಾರೆ, ತೆಗೆಯಲು ಬರುವುದಿಲ್ಲ. ನಿಮ್ಮದೂ ಹಾಗಿದ್ದರೆ ಡೇಟಾ ನಾಶ ಮಾಡಿದ್ದಕ್ಕೆ ಸರ್ಟಿಫಿಕೇಟ್ ಕೊಡುವ ರೀಸೈಕ್ಲರ್‌ನನ್ನೇ ಹುಡುಕಿ. ಒಪ್ಪಿಸುವ ಮೊದಲು ಲ್ಯಾಪ್‌ಟಾಪ್ ಅಡಿಯಲ್ಲಿರುವ ಸೀರಿಯಲ್ ನಂಬರಿನ ಫೋಟೋ ತೆಗೆದಿಟ್ಟುಕೊಳ್ಳಿ. ಸರ್ಟಿಫಿಕೇಟ್‌ನಲ್ಲಿ ಅದೇ ನಂಬರ್ ಇರಬೇಕು.