ಯಾವ ದೋಷವನ್ನು ಮೊದಲು ತಿದ್ದಬೇಕು: ಲೇಖಕರೊಬ್ಬರಿಗೆ ಸಂಪಾದಕರ ಉತ್ತರ

ಪ್ರಿಯ ಲೇಖಕರೇ,

ದತ್ತಾಂಶ ಸಂಗ್ರಹದಲ್ಲಿ ದೋಷ ತಿದ್ದುವ ಬಗೆಯನ್ನು ಕುರಿತು ನೀವು ಮಂಡ್ಯದಿಂದ ಕಳುಹಿಸಿದ ಲೇಖನವನ್ನು ಮೈಸೂರಿನ ನಮ್ಮ ಕಚೇರಿಯಲ್ಲಿ ಗಮನವಿಟ್ಟು ಓದಿದೆ. ಈಗಿನ ರೂಪದಲ್ಲಿ ಅದನ್ನು ಪ್ರಕಟಿಸಲಾರೆ. ಆದರೆ ಇಂಥ ವಿಷಯವನ್ನು ಕನ್ನಡದಲ್ಲಿ ಶ್ರದ್ಧೆಯಿಂದ ಕೈಗೆತ್ತಿಕೊಳ್ಳುವವರು ಕಡಿಮೆ. ನಿರಾಕರಣೆಯ ಒಂದು ಸಾಲು ಬರೆದು ಮುಗಿಸಲು ಮನಸ್ಸು ಒಪ್ಪಲಿಲ್ಲ.

ಮೊದಲು ಬಿಡಲಾಗದ ತಪ್ಪನ್ನು ಹೇಳುತ್ತೇನೆ. ಅಮೆರಿಕದ ಸಂಶೋಧನಾಲಯ ಬೆಲ್ ಲ್ಯಾಬ್ಸ್‌ನ ರಿಚರ್ಡ್ ಹ್ಯಾಮಿಂಗ್ 1950ರಲ್ಲಿ ಪ್ರಕಟಿಸಿದ, ನಾಲ್ಕು ಬಿಟ್‌ಗಳಿಗೆ (ಬಿಟ್ ಎಂದರೆ 0 ಅಥವಾ 1 ಎಂಬ ಒಂದು ಅಂಕಿ) ದೋಷ ಹುಡುಕಲೆಂದೇ ಮೂರು ತಪಾಸಣಾ ಬಿಟ್‌ಗಳನ್ನು ಸೇರಿಸುವ ಕೋಡ್ ಎರಡು ದೋಷಗಳನ್ನೂ ತಿದ್ದುತ್ತದೆ ಎಂದು ಬರೆದಿದ್ದೀರಿ. ಅದು ತಿದ್ದುವುದು ಒಂದನ್ನು ಮಾತ್ರ. ಎರಡು ಬಿಟ್ ಕೆಟ್ಟಾಗ ಅದು ಸುಮ್ಮನಿರುವುದೂ ಇಲ್ಲ: ಕೆಟ್ಟಿರುವುದು ಒಂದೇ ಎಂದು ಎಣಿಸಿ, ಸರಿಯಾಗಿದ್ದ ಇನ್ನೊಂದು ಬಿಟ್ಟನ್ನೂ ತಿರುಗಿಸಿ, ತಪ್ಪು ಉತ್ತರವನ್ನೇ ಸರಿಯೆಂದು ಒಪ್ಪಿಸುತ್ತದೆ. ಸರ್ವರ್‌ಗಳ ಮೆಮೊರಿಯಲ್ಲಿ 64 ಬಿಟ್‌ಗಳಿಗೆ ಏಳು ಸಾಕಾಗುವಲ್ಲಿ ಎಂಟು ತಪಾಸಣಾ ಬಿಟ್‌ಗಳನ್ನು ಇಡುವುದು ಇದೇ ಕಾರಣಕ್ಕೆ. ಒಂದು ದೋಷವಾದರೆ ತಿದ್ದುವುದು, ಎರಡಾದರೆ ತಿದ್ದಲು ಹೋಗದೆ ಎಚ್ಚರಿಸುವುದು ಅದರ ಕೆಲಸ.

ಇದನ್ನು ಒಂದು ಸಾಲಿನಲ್ಲಿ ಸರಿಪಡಿಸಬಹುದು. ನನ್ನನ್ನು ಹೆಚ್ಚು ಕಾಡಿದ್ದು ‘ಎಲ್ಲ ದೋಷಗಳನ್ನೂ ಸಮಾನವಾಗಿ ಕಾಣುವುದೇ ಒಳ್ಳೆಯ ಕೋಡ್‌ನ ಲಕ್ಷಣ’ ಎಂಬ ನಿಮ್ಮ ಮಾತು, ಏಕೆಂದರೆ ಇಡೀ ಲೇಖನ ಅದರ ಮೇಲೆ ನಿಂತಿದೆ. ನೀವು ಉದಾಹರಣೆಗೆ ತೆಗೆದುಕೊಂಡದ್ದು 1011 ಎಂಬ, ಯಾವುದನ್ನೂ ಸೂಚಿಸದ ಬಿಟ್‌ಗಳ ಸಾಲು. ಅದರಲ್ಲಿ ಯಾವ ಬಿಟ್ ಕೆಟ್ಟರೂ ಒಂದೇ ಎನ್ನಿಸುವುದು ಸಹಜ. ಅದರ ಬದಲು ನಿಮ್ಮ ಜಿಲ್ಲೆಯವರೆಲ್ಲ ಬಲ್ಲ ಸಂಖ್ಯೆಯೊಂದನ್ನು ತೆಗೆದುಕೊಳ್ಳಿ. ಕೃಷ್ಣರಾಜಸಾಗರದ ಗರಿಷ್ಠ ಮಟ್ಟ 124.80 ಅಡಿ. ಅಡಿಯ ನೂರನೆಯ ಭಾಗದ ಲೆಕ್ಕದಲ್ಲಿ ಇದನ್ನು 12480 ಎಂದು ಬರೆದಿಟ್ಟರೆ 14 ಬಿಟ್ ಸಾಕು. ಕೊನೆಯ ಬಿಟ್ ತಿರುಗಿದರೆ ಮಟ್ಟ 124.81 ಅಡಿಯಾಗುತ್ತದೆ, ಯಾರಿಗೂ ನಷ್ಟವಿಲ್ಲ. ಮೊದಲ ಬಿಟ್ ತಿರುಗಿದರೆ ಅದರ ಬೆಲೆಯಾದ 8192 ಕಳೆದುಹೋಗಿ, ತುಂಬಿದ ಜಲಾಶಯ ದಾಖಲೆಯಲ್ಲಿ 42.88 ಅಡಿಗೆ ಇಳಿಯುತ್ತದೆ. ಎರಡೂ ಒಂದೊಂದೇ ಬಿಟ್‌ನ ದೋಷ. ವಿಶ್ವೇಶ್ವರಯ್ಯ ನಾಲೆಯ ನೀರು ನಂಬಿ ಕಬ್ಬು ನಾಟಿ ಮಾಡುವವರಿಗೆ ಅವು ಒಂದೇ ಅಲ್ಲ.

ಈ ಲೆಕ್ಕವನ್ನು ಇನ್ನೂ ಮುಂದಕ್ಕೆ ಒಯ್ಯಿರಿ, ಲೇಖನದ ತಿರುಳು ಅಲ್ಲಿದೆ. ಹ್ಯಾಮಿಂಗ್ ಕ್ರಮದಲ್ಲಿ ಮೂರು ತಪಾಸಣಾ ಬಿಟ್‌ಗಳು ಕಾಯುವುದು ನಾಲ್ಕು ಬಿಟ್‌ಗಳನ್ನು, ನಾಲ್ಕಾದರೆ ಹನ್ನೊಂದನ್ನು. ಹದಿನಾಲ್ಕನ್ನೂ ಕಾಯಬೇಕಾದರೆ ಐದು ಬೇಕು. ಮೂರನ್ನೇ ಇಟ್ಟುಕೊಂಡು ಮೇಲಿನ, ಎಂದರೆ ಅತಿ ಹೆಚ್ಚು ಬೆಲೆಯ, ನಾಲ್ಕು ಬಿಟ್‌ಗಳನ್ನು ಕಾಯ್ದರೆ, ಕಾವಲಿಲ್ಲದ ಬಿಟ್‌ವೊಂದು ಕೆಟ್ಟಾಗ 5.12 ಅಡಿಯವರೆಗೆ ತಪ್ಪಾಗಬಹುದು. ಜಲಾಶಯದ ವಿಷಯದಲ್ಲಿ ಅದು ಒಪ್ಪತಕ್ಕದ್ದಲ್ಲ. ನಾಲ್ಕನ್ನು ಇಟ್ಟು ಮೇಲಿನ ಹನ್ನೊಂದನ್ನು ಕಾಯ್ದರೆ ಆ ತಪ್ಪು 0.04 ಅಡಿ ಮೀರುವುದಿಲ್ಲ. ಐದನೆಯ ತಪಾಸಣಾ ಬಿಟ್ ಕೊಡುವುದು ಆ 0.04 ಅಡಿಯ ನಿಖರತೆಯನ್ನು ಮಾತ್ರ. ಜಾಗ ಅಗ್ಗವಾಗಿದ್ದರೆ ಅದನ್ನೂ ಇಡಬಹುದು, ಆದರೆ ಜಾಗಕ್ಕೆ ಮಿತಿಯಿದ್ದಾಗ ಯಾವುದನ್ನು ಮೊದಲು ಕಾಯಬೇಕು ಎಂಬುದನ್ನು ಈ ಮೂರು ಅಂಕಿಗಳು ಓದುಗನಿಗೆ ತಾವೇ ತೋರಿಸುತ್ತವೆ. ಇಂಥ ಅಸಮಾನ ರಕ್ಷಣೆಯ ಕೋಡ್‌ಗಳ ಬಗ್ಗೆ ಮ್ಯಾಸ್ನಿಕ್ ಮತ್ತು ವೋಲ್ಫ್ 1967ರಲ್ಲಿಯೇ ಬರೆದಿದ್ದಾರೆ. ನಿಮ್ಮ ಮೂರು ಪುಟಗಳ ಇತಿಹಾಸದಲ್ಲಿ ಅವರ ಹೆಸರಿಲ್ಲ.

ಹಾಗೆಂದು ಮೇಲಿನ ಬಿಟ್ಟೇ ಎಲ್ಲ ಕಡೆಯೂ ಮುಖ್ಯವೆಂದು ಬರೆಯಬೇಡಿ. ಅದು ಸಂಖ್ಯೆಗಳಿಗೆ ಸಲ್ಲುವ ಮಾತು, ಅಕ್ಷರಗಳಿಗೆ ಸಲ್ಲುವುದಿಲ್ಲ. ಕಂಪ್ಯೂಟರ್‌ನಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ‘ರ’ ಮತ್ತು ‘ಲ’ಗಳ ನಡುವೆ ಇರುವ ವ್ಯತ್ಯಾಸ ಒಂದೇ ಬಿಟ್, ಅದೂ ಕೊನೆಯಿಂದ ಎರಡನೆಯದು. ಅದು ತಿರುಗಿದರೆ ತಾಲ್ಲೂಕಿನ ವರದಿಯಲ್ಲಿದ್ದ ‘ಬರ’ ಸದ್ದಿಲ್ಲದೆ ‘ಬಲ’ವಾಗುತ್ತದೆ. ಆದ್ದರಿಂದ ಪಠ್ಯದ ಎಲ್ಲ ಬಿಟ್‌ಗಳಿಗೂ ಸಮಾನ ರಕ್ಷಣೆ ಬೇಕು. ಯಾವ ದೋಷ ದೊಡ್ಡದು ಎಂಬುದು ಬಿಟ್‌ಗಳನ್ನು ಮಾತ್ರ ನೋಡುವ ಕೋಡ್‌ಗೆ ತಿಳಿಯುವುದಿಲ್ಲ. ದತ್ತಾಂಶದ ಅರ್ಥ ಬಲ್ಲವರು ಅದನ್ನು ಮೊದಲೇ ನಿರ್ಧರಿಸಿ ಹೇಳಬೇಕಾಗುತ್ತದೆ.

ಹಾಗೆ ನಿರ್ಧರಿಸಿದವರ ಕೆಲಸಕ್ಕೆ ಸಿ.ಡಿ.ಗಿಂತ ಸ್ಪಷ್ಟವಾದ ನಿದರ್ಶನ ನನಗೆ ಗೊತ್ತಿಲ್ಲ, ನೀವು ಅದನ್ನು ಒಂದು ವಾಕ್ಯದಲ್ಲಿ ದಾಟಿಬಿಟ್ಟಿದ್ದೀರಿ. ರೀಡ್ ಮತ್ತು ಸಾಲೊಮನ್ 1960ರಲ್ಲಿ ಪ್ರಕಟಿಸಿದ ಕೋಡ್ ಎಲ್ಲ ಸಿ.ಡಿ.ಗಳಲ್ಲಿಯೂ ಇದೆ. ಹಾಡಿನ ಸಿ.ಡಿ.ಯಲ್ಲಿ ಅದರ ಕೈಮೀರಿದ ದೋಷವನ್ನು ಯಂತ್ರ ಅಕ್ಕಪಕ್ಕದ ಧ್ವನಿಮೌಲ್ಯಗಳಿಂದ ಅಂದಾಜು ಮಾಡಿ ಮುಚ್ಚುತ್ತದೆ, ಕಿವಿಗೆ ಅದು ಬಹುಮಟ್ಟಿಗೆ ತಿಳಿಯುವುದೂ ಇಲ್ಲ. ಕಡತಗಳನ್ನಿಡುವ ಸಿ.ಡಿ.ಯಲ್ಲಿ ಅಂದಾಜಿಗೆ ಎಡೆಯಿಲ್ಲ. ಆದ್ದರಿಂದ 2352 ಬೈಟ್‌ಗಳ (ಎಂಟು ಬಿಟ್ ಸೇರಿ ಒಂದು ಬೈಟ್) ಸೆಕ್ಟರ್ ಎಂಬ ಪ್ರತಿ ತುಣುಕಿನಲ್ಲಿ 2048ನ್ನು ಮಾತ್ರ ದತ್ತಾಂಶಕ್ಕೆ ಕೊಟ್ಟು, ಉಳಿದುದರಲ್ಲಿ 276 ಬೈಟ್‌ಗಳನ್ನು ತಿದ್ದುಪಡಿಯ ಇನ್ನೊಂದು ಪದರಕ್ಕೆ ಮೀಸಲಿಟ್ಟಿದ್ದಾರೆ. ಸಿನಿಮಾದ ವಿ.ಸಿ.ಡಿ.ಯಲ್ಲಿ ಚಿತ್ರವಿರುವ ಸೆಕ್ಟರ್‌ಗಳಿಗೆ ಆ ಪದರವಿಲ್ಲ, ಅಲ್ಲಿ 2324 ಬೈಟ್‌ಗಳು ಚಿತ್ರಕ್ಕೇ ಸಿಗುತ್ತವೆ, ಏಕೆಂದರೆ ಪರದೆಯ ಮೇಲಿನ ಕಲೆ ಕ್ಷಣದಲ್ಲಿ ಮಾಯವಾಗುತ್ತದೆ. ಈ ಭಾಗಕ್ಕೆ ಕನಿಷ್ಠ ಒಂದು ಪುಟ ಕೊಡಿ.

ಡಿಸ್ಕ್‌ನಲ್ಲಿ ಕಡತಗಳನ್ನು ಜೋಡಿಸಿಡುವ ಕಡತವ್ಯವಸ್ಥೆಯ ಬಗ್ಗೆ ಒಂದು ಪ್ಯಾರಾ ಸಾಕು: ಹಳೆಯ ಫ್ಯಾಟ್ ವ್ಯವಸ್ಥೆ ಕಡತಗಳ ಸ್ಥಳಸೂಚಿಯನ್ನು ಸಾಮಾನ್ಯವಾಗಿ ಎರಡು ಪ್ರತಿಗಳಲ್ಲಿ ಇಡುತ್ತಿತ್ತು, ಕಡತಗಳನ್ನಲ್ಲ, ಸೂಚಿ ಹೋದರೆ ಎಲ್ಲವೂ ದಿಕ್ಕು ತಪ್ಪುತ್ತದೆ. ವಿಜ್ಞಾನಿಗಳ ಜೀವನಚರಿತ್ರೆಯ ಭಾಗವನ್ನು ಪೂರ್ತಿ ತೆಗೆಯಿರಿ. ಕಾಗುಣಿತವನ್ನು ನಮ್ಮ ಕರಡು ತಿದ್ದುವವರು ನೋಡಿಕೊಳ್ಳುತ್ತಾರೆ, ಅದಕ್ಕಾಗಿ ಹೊತ್ತು ಕಳೆಯಬೇಡಿ.

‘ಹೀಗೆ ನಮ್ಮ ದತ್ತಾಂಶ ಇಂದು ಸಂಪೂರ್ಣ ಸುರಕ್ಷಿತ’ ಎಂಬ ನಿಮ್ಮ ಕೊನೆಯ ವಾಕ್ಯವೂ ಉಳಿಯಬಾರದು. ಮನೆಬಳಕೆಯ ಅನೇಕ ಹಾರ್ಡ್ ಡಿಸ್ಕ್‌ಗಳ ವಿವರಪತ್ರದಲ್ಲಿ, ಎಲ್ಲ ತಿದ್ದುಪಡಿಯ ನಂತರವೂ ಒಂದು ಕೋಟಿ ಕೋಟಿ ಬಿಟ್ ಓದಿದಾಗ, ಎಂದರೆ ಸುಮಾರು 12.5 ಟೆರಾಬೈಟ್‌ಗೆ, ಒಂದರವರೆಗೆ ಓದಲಾಗದ ದೋಷ ಉಳಿಯಬಹುದೆಂದು ತಯಾರಕರೇ ನಮೂದಿಸುತ್ತಾರೆ. ಆ ವಾಕ್ಯದ ಜಾಗದಲ್ಲಿ ಈ ಅಂಕಿಯನ್ನು ಬರೆದು, ಹಾಗೆ ಉಳಿಯುವ ದೋಷ ನಿಮ್ಮ ಜಲಾಶಯದ ದಾಖಲೆಯಲ್ಲಿ ಎಲ್ಲಿ ಬಿದ್ದರೆ ಏನಾಗುತ್ತದೆ ಎಂಬುದನ್ನು ವಿವರಿಸಿ ಕಳುಹಿಸಿ. ಹೊಸ ಪ್ರತಿ ಬಂದಾಗ ಅದನ್ನು ನಾನೇ ಓದುತ್ತೇನೆ.

ವಿಶ್ವಾಸದಿಂದ,
ಸಂಪಾದಕ