ಡ್ರಾಫ್ಟ್‌ನಲ್ಲೇ ಉಳಿದ ರಾಜೀನಾಮೆ

ಸಲಹೆ ಕೇಳಲು ಬಂದಿದ್ದ ಅವರು ಕೂರುವ ಮೊದಲೇ ಮೊಬೈಲ್ ನನ್ನ ಮುಂದೆ ಹಿಡಿದರು. ಅದರಲ್ಲಿ ಒಂದು ರಾಜೀನಾಮೆ ಪತ್ರ. "ಮೂರು ವಾರದಿಂದ ಡ್ರಾಫ್ಟ್‌ನಲ್ಲೇ ಇದೆ ಮೇಡಂ. ಕಳಿಸೋಕೂ ಆಗ್ತಿಲ್ಲ, ಅಳಿಸೋಕೂ ಆಗ್ತಿಲ್ಲ."

ಇವರನ್ನು ಸುಧೀಂದ್ರ ಅನ್ನೋಣ. ಹೆಸರು ಮತ್ತು ಮನೆಯ ಕೆಲವು ವಿವರ ಬದಲಿಸಿದ್ದೇನೆ, ಬರೆಯಲು ಅವರ ಒಪ್ಪಿಗೆ ಇದೆ. ವಯಸ್ಸು 33. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಹತ್ತು ವರ್ಷದಿಂದ ಕೆಲಸ. ಹೆಂಡತಿಗೆ ಬ್ಯಾಂಕ್ ನೌಕರಿ. ಎರಡು ವರ್ಷದ ಮಗಳಿದ್ದಾಳೆ, ಮನೆ ಸಾಲ ಇದೆ. ಎಂಟನೇ ವಯಸ್ಸಿನಿಂದ ಮೃದಂಗ ಕಲಿತಿದ್ದಾರೆ. ಕಾಲೇಜಿನಲ್ಲಿದ್ದಾಗ ಸಿಸೌಂಡ್‌ನ ಹುಚ್ಚು ಹಿಡಿಯಿತು. ಅಮೆರಿಕದ ಎಂಐಟಿಯಲ್ಲಿ ಬ್ಯಾರಿ ವರ್ಕೋ 1986ರಲ್ಲಿ ಮಾಡಿದ ತಂತ್ರಾಂಶ ಅದು. ಅದರಲ್ಲಿ ವಾದ್ಯ ಹೇಗಿರಬೇಕು, ಯಾವ ಸ್ವರ ಯಾವಾಗ ಬರಬೇಕು ಎಂದು ಸಾಲು ಸಾಲಾಗಿ ಬರೆಯುತ್ತಾ ಹೋದರೆ ಕಂಪ್ಯೂಟರ್ ನುಡಿಸುತ್ತದೆ.

ಅವರ ಯೋಜನೆ ಇಷ್ಟು: ಕೆಲಸ ಬಿಡುವುದು, ಬಾರ್ಸಿಲೋನಾದ ಪೊಂಪೆವು ಫಾಬ್ರಾ ವಿಶ್ವವಿದ್ಯಾಲಯದಲ್ಲಿ ಧ್ವನಿ ಮತ್ತು ಸಂಗೀತದ ಕಂಪ್ಯೂಟಿಂಗ್ ಓದುವುದು. ಆ ಜಾಗವೇ ಯಾಕೆ ಅಂದರೆ, ಅಲ್ಲಿ ಝೇವಿಯರ್ ಸೆರ್ರಾ ಅವರ ತಂಡ ಯುರೋಪಿನ ಸಂಶೋಧನಾ ಹಣದಲ್ಲಿ, ಕಂಪ್ಯೂಟರಿನಿಂದ ಸಂಗೀತವನ್ನು ಅಧ್ಯಯನ ಮಾಡುವ ಕಾಂಪ್‌ಮ್ಯೂಸಿಕ್ ಎಂಬ ಯೋಜನೆ ನಡೆಸಿತ್ತು. ಅದು 2011ರಲ್ಲಿ ಶುರುವಾಯಿತು. ಪಾಶ್ಚಾತ್ಯ ಸಂಗೀತದ ಅಳತೆಗೋಲಿಗೆ ಸಿಗದ ಐದು ಸಂಗೀತ ಪದ್ಧತಿಗಳನ್ನು ಅವರು ಆರಿಸಿಕೊಂಡಿದ್ದರು. ಅದರಲ್ಲಿ ಕರ್ನಾಟಕ ಸಂಗೀತವೂ ಒಂದು.

"ಇಲ್ಲಿ ಇಂಥದ್ದಕ್ಕೆಲ್ಲ ಜಾಗವೇ ಇಲ್ಲ ಮೇಡಂ," ಅಂದರು. ನನಗೆ ಸಂಗೀತ ಅಷ್ಟಾಗಿ ಗೊತ್ತಿಲ್ಲ. ಆದರೆ ಅವರು ಮುಂದಿನ ಸಲ ಬರುವಷ್ಟರಲ್ಲಿ ಸ್ವಲ್ಪ ಓದಿಕೊಂಡೆ. ಅದೇ ಯೋಜನೆಯಲ್ಲಿ ಐಐಟಿ ಮದ್ರಾಸಿನವರೂ ಇದ್ದರು. ಈ ವಿಷಯದ, 'ಇಸ್ಮಿರ್' ಎಂಬ ದೊಡ್ಡ ಅಂತರರಾಷ್ಟ್ರೀಯ ಸಮ್ಮೇಳನ 2022ರಲ್ಲಿ ಬೆಂಗಳೂರಿನಲ್ಲೇ ನಡೆದಿತ್ತು. ಹೋಗಿದ್ದಿರಾ ಎಂದು ಕೇಳಿದೆ.

"ಆ ವಾರ ಆಫೀಸಲ್ಲಿ ರಿಲೀಸ್ ಇತ್ತು."

"ಐದು ದಿನವೂ?"

ಉತ್ತರ ಬರಲಿಲ್ಲ.

ಇಲ್ಲಿ ನನ್ನ ತಪ್ಪನ್ನೂ ಹೇಳಬೇಕು. ಮೊದಲ ಭೇಟಿಯಲ್ಲಿ ಇದು ಬರೀ ಕೆಲಸದ ಸುಸ್ತು ಅಂದುಕೊಂಡಿದ್ದೆ. ನಿದ್ದೆ, ಊಟ, ಮ್ಯಾನೇಜರ್ ಬಗ್ಗೆಯೇ ಕೇಳುತ್ತಾ ಕೂತೆ. ಅವರು ತಾಳ್ಮೆಯಿಂದ ಉತ್ತರಿಸಿದರು, ಅಷ್ಟೆ. ಎರಡನೇ ಸಲ, "ನೀವು ಮಾಡಿರೋದು ಏನಾದರೂ ಕೇಳಿಸಿ," ಅಂದಾಗ ವಿಷಯ ಹೊರಬಂತು. ಲ್ಯಾಪ್‌ಟಾಪ್ ತೆಗೆದರು. ಒಂದು ಫೋಲ್ಡರ್‌ನಲ್ಲಿ 41 ಫೈಲ್. ಒಂದೂ ಮುಗಿದಿರಲಿಲ್ಲ. ಅತಿ ಉದ್ದದ್ದು 50 ಸೆಕೆಂಡ್ ಇತ್ತು.

ಮುಜುಗರ ಮುಚ್ಚಿಕೊಳ್ಳಲೋ ಏನೋ, ಮ್ಯಾಕ್ಸ್ ಮ್ಯಾಥ್ಯೂಸ್ ಕಥೆ ಹೇಳತೊಡಗಿದರು. ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಎಂಜಿನಿಯರ್ ಆಗಿದ್ದವರು. ಅದು ಟೆಲಿಫೋನ್ ಕಂಪನಿಯ ಪ್ರಯೋಗಾಲಯ. 1957ರಲ್ಲಿ ಐಬಿಎಂ 704 ಕಂಪ್ಯೂಟರಿಗೆ ಸಂಗೀತ ನುಡಿಸುವ ಪ್ರೋಗ್ರಾಂ ಒಂದನ್ನು ಅವರು ಬರೆದರು, ಸಹೋದ್ಯೋಗಿ ನ್ಯೂಮನ್ ಗಟ್‌ಮನ್ ಅದಕ್ಕೊಂದು ರಾಗ ಕಟ್ಟಿದರು. 17 ಸೆಕೆಂಡ್ ಸಂಗೀತ. ಅದನ್ನೂ ಕೇಳಿಸಿದರು. ನನಗಂತೂ ಹಿಡಿಸಲಿಲ್ಲ.

"ಆದರೆ ಮುಗಿದಿದೆ, ಅಲ್ವಾ?" ಅಂದೆ.

ಅವರು ನಕ್ಕರು. ಆಮೇಲೆ ತುಂಬಾ ಹೊತ್ತು ಮಾತಾಡಲಿಲ್ಲ.

ಕೆಲಸ ಅಡ್ಡ ಬರುತ್ತಿತ್ತು, ಸುಳ್ಳಲ್ಲ. ಆದರೆ ಮುಗಿಸಿದರೆ ಅದು ಸಾಧಾರಣ ಅಂತ ಗೊತ್ತಾಗಿಬಿಡುತ್ತದಲ್ಲ, ಆ ಭಯ ಇನ್ನೂ ಜಾಸ್ತಿ ಇತ್ತು. ಬಾರ್ಸಿಲೋನಾಕ್ಕೆ ಹೋದರೂ ಅದು ಸೂಟ್‌ಕೇಸಿನಲ್ಲೇ ಹೋಗುತ್ತದೆ.

ಇನ್ನೊಂದು ಗೋಜಲೂ ಇತ್ತು. "ಸಂಗೀತ" ಎಂಬ ಒಂದೇ ಮಾತಿನಲ್ಲಿ ಅವರು ಮೂರು ಬೇರೆ ಕೆಲಸ ಗಂಟು ಕಟ್ಟಿದ್ದರು. ಒಂದು ಸಂಶೋಧನೆ. ಮೃದಂಗದ ಬಲಗಡೆ ಹಚ್ಚುವ ಕಪ್ಪು ಲೇಪದಿಂದಾಗಿ, ಅಂದರೆ ಕರಣೆಯಿಂದಾಗಿ, ಚರ್ಮದ ನಾದ ತಂತಿಯ ನಾದದ ಹಾಗೆ ಶ್ರುತಿಗೆ ಕೂರುತ್ತದೆ. ಸಿ.ವಿ. ರಾಮನ್ 1920ರಲ್ಲೇ ಈ ಬಗ್ಗೆ ಬರೆದಿದ್ದಾರೆ. ಎರಡೂ ಕೈ ಒಟ್ಟಿಗೆ ಬಿದ್ದಾಗ ಯಾವುದು ಯಾವ ಸೊಲ್ಲು (ಪೆಟ್ಟಿನ ಹೆಸರು) ಎಂದು ಕಂಪ್ಯೂಟರಿಗೆ ಹೇಳಿಕೊಡುವುದು ಇವರ ಪ್ರಶ್ನೆ. ಅದಕ್ಕೆ ಅಳೆಯಬೇಕು, ಬರೆಯಬೇಕು, ಬೇರೆಯವರ ಕೈಯಲ್ಲಿ ಬೈಸಿಕೊಳ್ಳಬೇಕು. ಎರಡನೆಯದು ಬೇರೆ ಸಂಗೀತಗಾರರು ಬಳಸುವ ತಂತ್ರಾಂಶ ಕಟ್ಟುವುದು. ಇದರಲ್ಲಿ ಅವರು ಆಗಲೇ ಪಳಗಿದ್ದರು. ಮೂರನೆಯದು ಸಂಯೋಜನೆ. ಅದಕ್ಕೆ ಸಂಬಳ ಕೊಡುವವರು ಎಲ್ಲ ಊರಲ್ಲೂ ಕಮ್ಮಿ. "ಈ ಮೂರರಲ್ಲಿ ಯಾವುದು ಕೈತಪ್ಪಿದರೆ ಹೊಟ್ಟೆ ಉರಿಯುತ್ತೆ?" ಎಂದು ಕೇಳಿದೆ. ಅದನ್ನು ಮನೆಗೆ ಒಯ್ದರು.

ಮೂರನೇ ಭೇಟಿಗೆ ಹೆಂಡತಿಯೂ ಬಂದರು. ಜಗಳ ನಿರೀಕ್ಷಿಸಿದ್ದೆ. "ಸಂಗೀತ ಬೇಡ ಅಂತ ನಾನ್ಯಾವಾಗ ಅಂದೆ ಮೇಡಂ? ರಾತ್ರಿ ಹನ್ನೊಂದಕ್ಕೆ ಇವರು ಹೆಡ್‌ಫೋನ್ ಹಾಕ್ಕೊಂಡು ಕೂರ್ತಾರೆ. ಏನು ಮಾಡ್ತಾರೆ ಅಂತ ಮದುವೆಯಾಗಿ ಆರು ವರ್ಷದಲ್ಲಿ ನನಗೆ ಒಂದು ಸಲಾನೂ ಕೇಳಿಸಿಲ್ಲ."

ಸುಧೀಂದ್ರ ತಲೆ ತಗ್ಗಿಸಿದರು.

ನಾನು ಕೊಟ್ಟ ಸಲಹೆ ಇದು. ಪತ್ರವನ್ನು ಆರು ತಿಂಗಳು ಕಳಿಸಬೇಡಿ, ಅಳಿಸಲೂ ಬೇಡಿ. ಎಂಟು ವಾರದಲ್ಲಿ ಮೂರು ನಿಮಿಷದ ಒಂದೇ ಒಂದು ಸಂಯೋಜನೆ ಮುಗಿಸಿ. ಚೆನ್ನಾಗಿರಲೇಬೇಕು ಅಂತಿಲ್ಲ. ಹನ್ನೊಂದು ಗಂಟೆಯ ದಣಿದ ತಲೆ ಬೇಡ, ವಾರಕ್ಕೆ ನಾಲ್ಕು ಬೆಳಗ್ಗೆ ಒಂದೊಂದು ಗಂಟೆ ಸಾಕು. ಆ ನಾಲ್ಕು ಬೆಳಗ್ಗೆ ಮಗಳನ್ನು ಹೆಂಡತಿ ನೋಡಿಕೊಂಡರೆ, ಉಳಿದ ಮೂರು ಬೆಳಗ್ಗೆ ಆ ಸರದಿ ನಿಮ್ಮದು. ಬಾರ್ಸಿಲೋನಾ ಕೋರ್ಸ್ ಒಂದು ವರ್ಷದ್ದು. ಫೀಸು, ಅಲ್ಲಿನ ಬಾಡಿಗೆ, ನಿಂತುಹೋಗುವ ಸಂಬಳ, ನಿಲ್ಲದ ಇಎಂಐ, ಎಲ್ಲವನ್ನೂ ಇಬ್ಬರೂ ಕೂತು ಒಂದೇ ಹಾಳೆಯಲ್ಲಿ ಬರೆಯಿರಿ.

ಮತ್ತೆ, ನೇಮಕಾತಿ ಪತ್ರವನ್ನು ಪೂರ್ತಿ ಓದಿ. ಇದನ್ನು ನಾನು ಐಟಿಯವರಿಗೆಲ್ಲ ಹೇಳುತ್ತೇನೆ, ಯಾರೂ ಓದಿರುವುದಿಲ್ಲ. ಕೆಲಸದಲ್ಲಿರುವಾಗ ಬರೆದ ಕೋಡ್ ಎಲ್ಲ ಕಂಪನಿಯದು ಎಂಬ ಷರತ್ತು ಹಲವು ಕಡೆ ಇರುತ್ತದೆ. ಹಾಗಿದ್ದರೆ ಎಚ್‌ಆರ್‌ನಿಂದ ಬರಹದಲ್ಲಿ ಅನುಮತಿ ಕೇಳಿ. ಆಫೀಸ್ ಲ್ಯಾಪ್‌ಟಾಪ್ ಮುಟ್ಟಬೇಡಿ. ಇವರ ಪತ್ರದಲ್ಲಿ ಆ ಷರತ್ತು ಇತ್ತು. ಅನುಮತಿ ಬರಲು ಐದು ವಾರ ಹಿಡಿಯಿತು.

ಎಂಟು ವಾರ ಅಂದಿದ್ದು ಹದಿಮೂರು ವಾರವಾಯಿತು. ನಡುವೆ ಮಗಳಿಗೆ ಜ್ವರ, ಆಫೀಸಲ್ಲಿ ಇನ್ನೊಂದು ರಿಲೀಸ್. ಸಂಶೋಧನೆಗೆಂದು ಮೂರು ಪುಟ ಬರೆದು ಬಿಟ್ಟರಂತೆ. "ಹೊಟ್ಟೆ ಉರೀಲಿಲ್ಲ ಮೇಡಂ," ಎಂದು ಅವರೇ ಹೇಳಿದರು. ಸಿಸೌಂಡ್‌ನ ಕೋಡ್ ಮುಕ್ತವಾಗಿ ಸಿಗುತ್ತದೆ, ಅದರಲ್ಲೊಂದು ದೋಷ ಸರಿಪಡಿಸಿ ಕಳಿಸಿದ್ದಾರೆ. ಆ ವಿಷಯ ಹೇಳುವಾಗ ದನಿಯೇ ಬೇರೆ ಇತ್ತು. ಆ ವರ್ಷ ಬಾರ್ಸಿಲೋನಾಕ್ಕೆ ಅರ್ಜಿ ಹಾಕಲಿಲ್ಲ. ಮುಂದಿನ ವರ್ಷದ ಮಾತು ಇನ್ನೂ ತೀರ್ಮಾನವಾಗಿಲ್ಲ. ಪತ್ರ ಡ್ರಾಫ್ಟ್‌ನಲ್ಲೇ ಇದೆ.

ಕೊನೆಯ ಭೇಟಿಯಲ್ಲಿ ಸಂಯೋಜನೆ ಕೇಳಿಸಿದರು, ಹೆಡ್‌ಫೋನ್ ಇಲ್ಲದೆ. ಮೃದಂಗದ ಒಂದೇ ಪೆಟ್ಟು ನಿಧಾನವಾಗಿ ಹಿಗ್ಗುತ್ತಾ ತಂಬೂರಿಯ ಹಾಗೆ ಆಗುತ್ತದೆ. 2 ನಿಮಿಷ 40 ಸೆಕೆಂಡ್.

"ಮೂರು ನಿಮಿಷ ಇತ್ತು ಮೇಡಂ. ಕೊನೇಲಿ ಸುಮ್ನೆ ಎಳೆದಿದೀರ ಅಂತ ಹೆಂಡತಿ ಅಂದಳು. ಮತ್ತೆ ಕೇಳಿದೆ, ಹೌದು ಅನ್ನಿಸ್ತು. ಕತ್ತರಿಸಿದೆ."